ಹೋಲ್ ಬಿಡಬೇಕೇ, ಜಾಗ ಹಿಡಿದಿಡಬೇಕೇ, ಸೊನ್ನೆ ಬರೆಯಬೇಕೇ? ಸ್ಪಾರ್ಸ್ ಫೈಲ್‌ಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಸರ್ವರ್ ಎಂದುಕೊಳ್ಳಿ. ಅದರಲ್ಲಿ 500 ಜಿಬಿ ಎಸ್‌ಎಸ್‌ಡಿ, ಮೇಲೆ ವಿದ್ಯಾರ್ಥಿಗಳ 20 ವರ್ಚುವಲ್ ಮಷೀನ್‌ಗಳು. ಒಂದೊಂದರ ಡಿಸ್ಕ್ ಇಮೇಜ್ 40 ಜಿಬಿ. ಕೂಡಿಸಿದರೆ 800 ಜಿಬಿ. 500ರಲ್ಲಿ 800 ಹೇಗೆ ಹಿಡಿಯಿತು? ‘ಎಲ್‌ಎಸ್’ ಕಮಾಂಡ್ ಅನ್ನು ಕೇಳಿದರೆ ಪ್ರತಿ ಫೈಲ್ 40 ಜಿಬಿ ಎನ್ನುತ್ತದೆ, ‘ಡಿಯು’ ಕೇಳಿದರೆ 6 ಜಿಬಿ ಎನ್ನುತ್ತದೆ. ಎರಡೂ ನಿಜವನ್ನೇ ಹೇಳುತ್ತಿವೆ. ‘ಎಲ್‌ಎಸ್’ ಹೇಳುವುದು ಫೈಲ್‌ನ ಉದ್ದ. ‘ಡಿಯು’ ಹೇಳುವುದು ಡಿಸ್ಕ್‌ನಲ್ಲಿ ಅದು ನಿಜಕ್ಕೂ ಹಿಡಿದಿರುವ ಜಾಗ. ನಡುವಿನ 34 ಜಿಬಿ ಹೋಲ್. ಅಲ್ಲಿಗೆ ವಿಳಾಸ ಇದೆ, ಹಿಂದೆ ಬ್ಲಾಕ್, ಅಂದರೆ ಡಿಸ್ಕ್‌ನ ಜಾಗದ ತುಂಡು, ಇಲ್ಲ. ಓದಿದರೆ ಸೊನ್ನೆಗಳು ಬರುತ್ತವೆ. ಇಂಥ ಹೋಲ್ ಇರುವ ಫೈಲೇ ಸ್ಪಾರ್ಸ್ ಫೈಲ್.

ಆ ಸೊನ್ನೆಗಳನ್ನು ಪಡೆಯಲು ಮೂರು ದಾರಿಗಳಿವೆ. ಹೋಲ್ ಬಿಡಬಹುದು, ಜಾಗವನ್ನು ಮೊದಲೇ ಹಿಡಿದಿಡಬಹುದು, ಇಲ್ಲವೇ ಕೂತು ನಿಜವಾದ ಸೊನ್ನೆಗಳನ್ನೇ ಡಿಸ್ಕ್‌ಗೆ ಬರೆಯಬಹುದು. ಫೈಲ್ ಓದುವ ಪ್ರೋಗ್ರಾಂಗೆ ಮೂರರಲ್ಲೂ ಒಂದೇ ಉತ್ತರ ಸಿಗುತ್ತದೆ. ಆದ್ದರಿಂದಲೇ ಬಹಳ ಜನ ಇದರಲ್ಲಿ ಆಯ್ಕೆ ಇದೆ ಎಂಬುದನ್ನೇ ಗಮನಿಸುವುದಿಲ್ಲ. ಯಾವುದೋ ಟೂಲ್ ಡೀಫಾಲ್ಟ್ ಆಗಿ ಮಾಡಿದ್ದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ದೊಡ್ಡ ಕಂಪನಿಗಳಲ್ಲಿ ಡಿಸ್ಕ್ ತುಂಬಿದರೆ ನೋಡಿಕೊಳ್ಳಲು ಒಂದು ತಂಡವೇ ಇರುತ್ತದೆ. ನಮ್ಮ ಕಡೆ ಗಂಗಾವತಿಯ ರೈಸ್ ಮಿಲ್ಲಿನ ಸರ್ವರ್ ಇರಲಿ, ರಾಯಚೂರಿನ ಹತ್ತಿ ವ್ಯಾಪಾರಿಯ ಲೆಕ್ಕದ ಕಂಪ್ಯೂಟರ್ ಇರಲಿ, ಸಂಡೂರು ರಸ್ತೆಯ ವೇಬ್ರಿಡ್ಜ್ ಇರಲಿ, ನೋಡಿಕೊಳ್ಳುವವರು ಒಬ್ಬರೇ. ಅದರಲ್ಲೂ ಆ ಒಬ್ಬರು ಬೇರೆ ಊರಲ್ಲಿರುತ್ತಾರೆ. ಅಂಥವರು ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ಜಾಗ ಸಾಲದಿದ್ದರೆ ಆ ಸುದ್ದಿ ನನಗೆ ಯಾವಾಗ ಗೊತ್ತಾಗಬೇಕು? ಫೈಲ್ ಮಾಡುವ ಹಗಲಿನಲ್ಲೋ, ಕೆಲಸ ನಡೆಯುತ್ತಿರುವ ನಡುರಾತ್ರಿಯಲ್ಲೋ?

ಮೂರು ದಾರಿಗಳ ಒಳಗುಟ್ಟು

ಹೋಲ್ ಬಿಡುವುದು ಅತಿ ಸುಲಭ. ‘ಟ್ರಂಕೇಟ್’ ಕಮಾಂಡ್‌ನಿಂದ 40 ಜಿಬಿ ಎಂದು ಹೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲ್ ತಯಾರು. ಫೈಲ್‌ನ ವಿವರ ಇಡುವ ಐನೋಡ್‌ನಲ್ಲಿ ಉದ್ದದ ಅಂಕಿ ಬದಲಾಯಿತು, ಅಷ್ಟೇ. ಪ್ರೋಗ್ರಾಂ ಒಳಗಿಂದಲೂ ಇದೇ ಆಗುತ್ತದೆ: ಫೈಲ್‌ನ ಕೊನೆಯನ್ನು ದಾಟಿ ದೂರಕ್ಕೆ ಸೀಕ್ ಮಾಡಿ ಒಂದು ಬೈಟ್ ಬರೆದರೆ ನಡುವಿನದ್ದೆಲ್ಲ ಹೋಲ್. ಬರೆದಾಗ ಮಾತ್ರ ಬ್ಲಾಕ್ ಸಿಗುತ್ತದೆ, ಅದೂ ಡಿಸ್ಕ್‌ನಲ್ಲಿ ಉಳಿದಿದ್ದರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಚ್ಚುಕಟ್ಟಿನ ನಕ್ಷೆಯಲ್ಲಿ ಮಾನ್ವಿಯ ಹೊಲಕ್ಕೂ ನೀರು ಬರೆದಿರುತ್ತದೆ. ಬೆಳೆಗೆ ಬೇಕಾದ ವಾರ ಮೇಲಿನವರು ಎಷ್ಟು ಬಿಟ್ಟಿದ್ದಾರೋ ಅಷ್ಟೇ ತಲುಪುವುದು.

ಎರಡನೆಯದು ‘ಫಾಲೊಕೇಟ್’. ಈ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಕೊಡುವ ಕರೆ) ಲಿನಕ್ಸ್‌ಗೆ ಬಂದದ್ದು 2007ರಲ್ಲಿ, 2.6.23 ಕರ್ನಲ್‌ನಲ್ಲಿ. ಇದು ಬ್ಲಾಕ್‌ಗಳನ್ನು ನಿಜಕ್ಕೂ ಫೈಲ್‌ನ ಹೆಸರಿಗೆ ಬರೆಸುತ್ತದೆ, ಆದರೆ ಅವುಗಳ ಮೇಲೆ ಏನನ್ನೂ ಬರೆಯುವುದಿಲ್ಲ. ಅದರ ಬದಲು ಆ ಎಕ್ಸ್‌ಟೆಂಟ್‌ಗೆ (ಸಾಲಾಗಿರುವ ಬ್ಲಾಕ್‌ಗಳ ಗುಂಪಿಗೆ) ‘ಅನ್‌ರಿಟನ್’ (ಇನ್ನೂ ಬರೆದಿಲ್ಲ) ಎಂಬ ಗುರುತು ಹಾಕುತ್ತದೆ. ಗುರುತು ಏಕೆ ಬೇಕೆಂದರೆ, ಆ ಬ್ಲಾಕ್‌ಗಳಲ್ಲಿ ಹಿಂದೆ ಅಳಿಸಿದ ಯಾರದ್ದೋ ಫೈಲ್‌ನ ಅವಶೇಷ ಇರಬಹುದು. ಒಬ್ಬ ವಿದ್ಯಾರ್ಥಿಯ ಹೊಸ ಫೈಲ್‌ನಲ್ಲಿ ಇನ್ನೊಬ್ಬನ ಹಳೆಯ ಪಾಸ್‌ವರ್ಡ್ ಕಾಣಿಸಿಕೊಳ್ಳಬಾರದು. ಗುರುತು ಇರುವವರೆಗೆ ಕರ್ನಲ್ ಡಿಸ್ಕ್ ಕಡೆ ಹೋಗದೆ ಸೊನ್ನೆ ಕೊಡುತ್ತದೆ. ನೀವು ಬರೆದು, ಆ ಬರಹ ಡಿಸ್ಕ್ ತಲುಪಿದ ಮೇಲೆಯೇ ಗುರುತು ಅಳಿಯುತ್ತದೆ. ‘ಫೈಲ್‌ಫ್ರ್ಯಾಗ್’ ಕಮಾಂಡ್ ಅನ್ನು ವಿವರದ ಆಯ್ಕೆಯೊಂದಿಗೆ ಓಡಿಸಿದರೆ ಯಾವ ಭಾಗ ಇನ್ನೂ ಅನ್‌ರಿಟನ್ ಎಂದು ಸಾಲುಸಾಲಾಗಿ ಕಾಣುತ್ತದೆ.

ಒಂದು ಎಚ್ಚರಿಕೆ. ‘ಪೋಸಿಕ್ಸ್ ಫಾಲೊಕೇಟ್’ ಎಂಬ ಲೈಬ್ರರಿ ಫಂಕ್ಷನ್ ಬಳಸಿದರೆ, ಫೈಲ್ ಸಿಸ್ಟಂಗೆ ಈ ಸೌಲಭ್ಯ ಇಲ್ಲದಾಗ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಪ್ರತಿ ಬ್ಲಾಕ್‌ಗೂ ಒಂದೊಂದು ಬೈಟ್ ಬರೆದು ಕೆಲಸ ಮುಗಿಸುತ್ತದೆ. ಕ್ಷಣದಲ್ಲಿ ಆಗಬೇಕಾದದ್ದು ನಿಮಿಷಗಟ್ಟಲೆ ಎಳೆದರೆ ಕಾರಣ ಇದೇ ಇರಬಹುದು.

ಮೂರನೆಯದು ‘ಡಿಡಿ’ಯಿಂದಲೋ ಪ್ರೋಗ್ರಾಂನಿಂದಲೋ ಸೊನ್ನೆ ಬರೆಯುವುದು. ನಿಧಾನ, ಎಸ್‌ಎಸ್‌ಡಿಯ ಬರೆಯುವ ಆಯುಷ್ಯವನ್ನೂ ತಿನ್ನುತ್ತದೆ. ಆದರೂ ಇದಕ್ಕೆ ತನ್ನದೇ ಸ್ಥಾನವಿದೆ. ಹೀಗೆ ಬರೆದ ಬ್ಲಾಕ್ ಮೇಲೆ ಮುಂದೆ ಡೇಟಾ ಬರೆದಾಗ ಫೈಲ್ ಸಿಸ್ಟಂಗೆ ಬೇರೇನೂ ಕೆಲಸ ಇರುವುದಿಲ್ಲ: ಹೊಸ ಬ್ಲಾಕ್ ಹುಡುಕಬೇಕಿಲ್ಲ, ಅನ್‌ರಿಟನ್ ಗುರುತು ಅಳಿಸಿ ಅದನ್ನು ಜರ್ನಲ್‌ಗೆ, ಅಂದರೆ ತನ್ನ ಬದಲಾವಣೆಗಳ ದಾಖಲೆಗೆ, ಸೇರಿಸಬೇಕಿಲ್ಲ. ಡೇಟಾಬೇಸ್‌ಗಳ ಲಾಗ್ ಫೈಲ್‌ಗೆ ಇದು ದೊಡ್ಡ ಉಳಿತಾಯ. ಪ್ರತಿ ಕಮಿಟ್‌ಗೂ ಸಿಂಕ್ ಮಾಡುವಾಗ ಡೇಟಾ ಮಾತ್ರ ಡಿಸ್ಕ್‌ಗೆ ಹೋದರೆ ಸಾಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ 16 ಎಂಬಿಯ ವಾಲ್ (ಲಾಗ್) ಫೈಲ್‌ಗಳನ್ನು ಡೀಫಾಲ್ಟ್ ಆಗಿ ಸೊನ್ನೆಯಿಂದಲೇ ತುಂಬುತ್ತದೆ. 12ನೇ ಆವೃತ್ತಿಯಿಂದ ಅದನ್ನು ನಿಲ್ಲಿಸುವ ಆಯ್ಕೆಯೂ ಇದೆ. ಏಕೆಂದರೆ ಜಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಕಾಪಿ ಆನ್ ರೈಟ್ ಫೈಲ್ ಸಿಸ್ಟಂಗಳು ಹಳೆಯ ಬ್ಲಾಕ್ ಮೇಲೆ ಬರೆಯುವುದೇ ಇಲ್ಲ, ಪ್ರತಿ ಸಲ ಹೊಸ ಜಾಗಕ್ಕೆ ಹೋಗುತ್ತವೆ. ಅಲ್ಲಿ ಮುಂಚೆ ಸೊನ್ನೆ ತುಂಬಿದ ಶ್ರಮ ಪೂರ್ತಿ ದಂಡ. ಜಡ್‌ಎಫ್‌ಎಸ್‌ನಲ್ಲಿ ಕಂಪ್ರೆಷನ್ ಆನ್ ಆಗಿದ್ದರಂತೂ ನೀವು ಬರೆದ ಸೊನ್ನೆಯ ಬ್ಲಾಕ್ ಡಿಸ್ಕ್‌ನಲ್ಲಿ ಹೋಲ್ ಆಗಿಯೇ ಉಳಿಯುತ್ತದೆ. ಜಾಗ ಹಿಡಿದಿಟ್ಟೆ ಎಂದು ನೀವು ಅಂದುಕೊಂಡಿರುತ್ತೀರಿ, ಅದು ಹಿಡಿದಿರುವುದಿಲ್ಲ.

ಡಿಸ್ಕ್ ಉಳಿಯಿತು, ಮೆಮೊರಿ ಹೋಯಿತು

ಹೋಲ್ ಬಿಟ್ಟರೆ ಎಲ್ಲವೂ ಉಳಿತಾಯ ಎಂಬ ನಂಬಿಕೆ ಬಲವಾಗಿದೆ. ಅದು ಡಿಸ್ಕ್‌ಗೆ ಸರಿ, ಮೆಮೊರಿಗೆ ಸರಿಯಲ್ಲ. ನಿಮ್ಮದೇ ಲಿನಕ್ಸ್ ಯಂತ್ರದಲ್ಲಿ ಕಣ್ಣಾರೆ ನೋಡಬಹುದು. 16 ಜಿಬಿ ರ‍್ಯಾಮ್ ಇದ್ದು ಬೇರೆ ಹೆಚ್ಚಿನ ಕೆಲಸ ಓಡದಿದ್ದರೆ ಸಾಕು. ಎಕ್ಸ್‌ಟಿ4 ಫೈಲ್ ಸಿಸ್ಟಂ ಇರುವ ಡಿಸ್ಕ್‌ನಲ್ಲಿ ‘ಟ್ರಂಕೇಟ್’ನಿಂದ 10 ಜಿಬಿಯ ಫೈಲ್ ಮಾಡಿ. ‘ಡಿಯು’ ಕೊಡಿ: 0. ‘ಫ್ರೀ’ ಕೊಟ್ಟು ಬಫ್/ಕ್ಯಾಶ್ ಕಾಲಂನ ಅಂಕಿ ಬರೆದಿಟ್ಟುಕೊಳ್ಳಿ. ಈಗ ಆ ಫೈಲ್ ಮೇಲೆ ‘ಎಂಡಿ5ಸಮ್’ ಓಡಿಸಿ. ಡಿಸ್ಕ್‌ನ ದೀಪ ಮಿನುಗುವುದಿಲ್ಲ, ಏಕೆಂದರೆ ಓದಲು ಅಲ್ಲಿ ಏನೂ ಇಲ್ಲ. ಮುಗಿದ ಮೇಲೆ ಮತ್ತೆ ‘ಫ್ರೀ’ ಕೊಟ್ಟರೆ ಬಫ್/ಕ್ಯಾಶ್ ಸುಮಾರು 10 ಜಿಬಿ ಏರಿರುತ್ತದೆ. ‘ಡಿಯು’ ಇನ್ನೂ 0 ಎನ್ನುತ್ತಿದೆ. ಬ್ಲಾಕ್ ಒಂದೂ ಇಲ್ಲದ ಫೈಲ್‌ಗೆ 4096 ಬೈಟ್‌ನ 26,21,440 ಪೇಜ್‌ಗಳಷ್ಟು ಮೆಮೊರಿಯನ್ನು ಕರ್ನಲ್ ಕೊಟ್ಟಿದೆ, ಅಷ್ಟಕ್ಕೂ ಸೊನ್ನೆ ತುಂಬಿದೆ.

ಏಕೆ ಹೀಗೆ? ಒಂದೇ ಒಂದು ಸೊನ್ನೆಯ ಪೇಜ್ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ತೋರಿಸಿದರೆ ಆಗದೇ? ಪ್ರೋಗ್ರಾಂ ಹೊಸದಾಗಿ ಕೇಳುವ ಖಾಸಗಿ ಮೆಮೊರಿಯ ವಿಷಯದಲ್ಲಿ ಕರ್ನಲ್ ಮಾಡುವುದು ಅದನ್ನೇ. ಬರೀ ಓದಿದರೆ, ಇಡೀ ಸಿಸ್ಟಂ ಹಂಚಿಕೊಂಡಿರುವ ಸೊನ್ನೆ ಪೇಜ್ ಅನ್ನು ಓದಲು ಮಾತ್ರ ಅನುಮತಿ ಕೊಟ್ಟು ಜೋಡಿಸುತ್ತದೆ. ಬರೆಯಲು ಹೋದಾಗ ಫಾಲ್ಟ್ ಆಗುತ್ತದೆ, ಆಗ ಸ್ವಂತ ಪೇಜ್ ಸಿಗುತ್ತದೆ. ಆದರೆ ಪೇಜ್ ಕ್ಯಾಶ್‌ನ (ಓದಿದ, ಬರೆದ ಫೈಲ್ ಭಾಗಗಳನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಪೇಜ್ ಬರೀ ಮೆಮೊರಿಯ ತುಂಡಲ್ಲ. ಅದು ಇಂಥ ಫೈಲ್‌ನ ಇಷ್ಟನೇ ಪೇಜ್ ಎಂದು ಗುರುತು ಹೊತ್ತಿರುತ್ತದೆ. ಲಾಕ್, ಡರ್ಟಿ (ಇನ್ನೂ ಡಿಸ್ಕ್‌ಗೆ ಹೋಗದ ಬರಹ ಇದೆ), ರೈಟ್‌ಬ್ಯಾಕ್ (ಡಿಸ್ಕ್‌ಗೆ ಹೋಗುತ್ತಿದೆ) ಎಂಬ ಗುರುತುಗಳೆಲ್ಲವೂ ಆ ಪೇಜ್ ಮೇಲೆಯೇ. ಒಂದೇ ಪೇಜ್ ಸಾವಿರ ಫೈಲ್‌ಗಳ ಲಕ್ಷ ಜಾಗಗಳಿಗೆ ಸೇರಿದೆ ಎಂದರೆ ಆ ಲೆಕ್ಕ ಇಡಲಾಗುವುದಿಲ್ಲ. ಒಬ್ಬರು ಎಂಮ್ಯಾಪ್ ಮಾಡಿ, ಅಂದರೆ ಫೈಲ್ ಅನ್ನು ಮೆಮೊರಿಯ ವಿಳಾಸಗಳಿಗೆ ಜೋಡಿಸಿಕೊಂಡು, ಓದುತ್ತಿರುವಾಗ ಇನ್ನೊಬ್ಬರು ಅದೇ ಜಾಗಕ್ಕೆ ಬರೆದರೆ, ಓದುತ್ತಿರುವ ಎಲ್ಲರ ಮ್ಯಾಪಿಂಗ್ ಹುಡುಕಿ ಬದಲಿಸಬೇಕು. ಆದ್ದರಿಂದ ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಹೋಲ್‌ಗೂ ಸ್ವಂತ ಪೇಜ್ ಕೊಟ್ಟು ಸೊನ್ನೆ ತುಂಬುವ ಸರಳ ದಾರಿ ಹಿಡಿದಿವೆ. ನನ್ನ ಮಟ್ಟಿಗೆ ಆ ತೀರ್ಮಾನ ಸರಿಯಾದದ್ದು. ಈ ಜಾಗದಲ್ಲಿ ಜಾಣತನ ಮಾಡಿದರೆ ಉಳಿಯುವುದು ಸ್ವಲ್ಪ ಮೆಮೊರಿ, ತಪ್ಪಿದರೆ ಹೋಗುವುದು ಜನರ ಡೇಟಾ.

ಅಪವಾದಗಳೂ ಇವೆ. ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಸಾಮಾನ್ಯ ರೀಡ್ ಮಾಡಿದರೆ ಹೋಲ್‌ಗೆ ಹೊಸ ಪೇಜ್ ಹುಟ್ಟುವುದಿಲ್ಲ, ಹಂಚಿಕೆಯ ಸೊನ್ನೆ ಪೇಜ್‌ನಿಂದಲೇ ನಕಲು ಆಗುತ್ತದೆ. ಅದೇ ಫೈಲ್ ಅನ್ನು ಎಂಮ್ಯಾಪ್ ಮಾಡಿ ಮುಟ್ಟಿದರೆ ಪೇಜ್ ಹುಟ್ಟುತ್ತದೆ. ಕರೆಂಟು ಹೋದರೂ ಡೇಟಾ ಉಳಿಸುವ ಪರ್ಸಿಸ್ಟೆಂಟ್ ಮೆಮೊರಿಯನ್ನು ನೇರವಾಗಿ ಮುಟ್ಟುವ ಡ್ಯಾಕ್ಸ್ ಬಳಸಿದಾಗ ಪೇಜ್ ಕ್ಯಾಶ್ ಪೇಜ್ ಎಂಬುದೇ ಇರುವುದಿಲ್ಲ, ಹಾಗಾಗಿ ಓದುವವರಿಗೆ ಹಂಚಿಕೆಯ ಸೊನ್ನೆ ಪೇಜ್ ಜೋಡಿಸಲು ಸಾಧ್ಯ.

ಕಡಿಮೆ ರ‍್ಯಾಮ್ ಇರುವ ನಮ್ಮ ಕಡೆಯ ಸರ್ವರ್‌ಗಳಿಗೆ ಇದರಿಂದ ತಿಳಿಯಬೇಕಾದದ್ದು ಏನೆಂದರೆ, ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಆ 20 ಇಮೇಜ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ 800 ಜಿಬಿಯೂ ಕ್ಯಾಶ್ ಮೂಲಕ ಹಾದು ಹೋಗುತ್ತದೆ, ಅದರಲ್ಲಿ 680 ಜಿಬಿ ಬರೀ ಸೊನ್ನೆ. ಬೆಳಿಗ್ಗೆ ಲ್ಯಾಬ್ ಶುರುವಾದಾಗ ಬೇಕಾಗುವ ಪೇಜ್‌ಗಳು ಅಷ್ಟರಲ್ಲಿ ಹೊರಬಿದ್ದಿರಬಹುದು. ಹೋಲ್ ಎಲ್ಲಿದೆ ಎಂದು ಮೊದಲೇ ಕೇಳಿ ಹಾರಿಕೊಂಡು ಹೋಗುವ ಟೂಲ್ ಬಳಸಿ. ಅದು ಸಾಧ್ಯವಿಲ್ಲದಿದ್ದರೆ ಕ್ಯಾಶ್ ಬಿಟ್ಟು ಓದುವ ಡೈರೆಕ್ಟ್ ಐಒ ಬಳಸಿ, ಇಲ್ಲವೇ ಓದಿದ ಮೇಲೆ ಈ ಪೇಜ್ ಬೇಡ ಎಂದು ಫ್ಯಾಡ್‌ವೈಸ್ ಕರೆಯ ಮೂಲಕ ಕರ್ನಲ್‌ಗೆ ಹೇಳಿ.

ಯಾವ ಕೆಲಸಕ್ಕೆ ಯಾವುದು

ಲ್ಯಾಬ್‌ನ ವರ್ಚುವಲ್ ಮಷೀನ್‌ಗಳಿಗೆ ಹೋಲ್ ಬಿಡುವುದೇ ಸರಿ. ವಿದ್ಯಾರ್ಥಿಗಳ ಮಷೀನ್ ಸೆಮಿಸ್ಟರ್ ಮುಗಿದರೆ ಅಳಿಸಿ ಹೋಗುವಂಥದ್ದು. 40 ಜಿಬಿ ಪೂರ್ತಿ ಬಳಸುವವರು ಅಪರೂಪ. ಆದರೆ ಡಿಸ್ಕ್ ಶೇ 80 ತುಂಬಿದಾಗ ನಿಮ್ಮ ಫೋನಿಗೆ ಸಂದೇಶ ಬರುವ ವ್ಯವಸ್ಥೆ ಇಲ್ಲದೆ ಹೀಗೆ ಮಾಡಬೇಡಿ. ಡಿಸ್ಕ್ ಪೂರ್ತಿ ತುಂಬಿದರೆ ಒಂದಲ್ಲ, 20 ಮಷೀನ್‌ಗಳೂ ಒಟ್ಟಿಗೆ ಬರೆಯಲಾಗದೆ ನಿಲ್ಲುತ್ತವೆ. ಕ್ಯೂಕೌ2 ಮಾದರಿಯ ಡಿಸ್ಕ್ ಇಮೇಜ್ ಮಾಡುವಾಗ, ವರ್ಚುವಲ್ ಮಷೀನ್ ಓಡಿಸುವ ಕ್ಯೂಎಮು ಸಾಫ್ಟ್‌ವೇರ್ ಪ್ರೀಅಲೊಕೇಷನ್‌ಗೆ (ಜಾಗ ಹಿಡಿದಿಡಲು) ನಾಲ್ಕು ಆಯ್ಕೆ ಕೊಡುತ್ತದೆ: ಆಫ್, ಮೆಟಾಡೇಟಾ, ಫಾಲಕ್, ಫುಲ್. ಲ್ಯಾಬ್‌ಗೆ ಆಫ್ ಇಲ್ಲವೇ ಮೆಟಾಡೇಟಾ ಸಾಕು. ಕಾಲೇಜಿನ ಪರೀಕ್ಷೆ, ಶುಲ್ಕದ ಸರ್ವರ್ ಅದೇ ಯಂತ್ರದ ಮೇಲಿದ್ದರೆ ಅದಕ್ಕೆ ಮಾತ್ರ ಫಾಲಕ್ ಕೊಟ್ಟು ಜಾಗ ಹಿಡಿದಿಡಿ. ಹುಡುಗರ ಮಷೀನ್‌ಗಳು ಉಬ್ಬಿ ಡಿಸ್ಕ್ ತುಂಬಿದರೂ ಶುಲ್ಕದ ಲೆಕ್ಕ ನಿಲ್ಲಬಾರದು.

ವೇಬ್ರಿಡ್ಜ್ ಕಥೆ ಬೇರೆ. ಅದಿರಿನ ಲಾರಿಗಳು ರಾತ್ರಿಯೂ ಸಾಲುಗಟ್ಟಿ ನಿಂತಿರುತ್ತವೆ. ತೂಕದ ಸಾಫ್ಟ್‌ವೇರ್ ದಾಖಲೆಯನ್ನು ಒಂದು ದೊಡ್ಡ ಫೈಲ್‌ನಲ್ಲಿ ಎಂಮ್ಯಾಪ್ ಮಾಡಿ ಇಟ್ಟುಕೊಂಡಿದೆ ಎನ್ನೋಣ, ಫೈಲ್ ಮಾಡಿದ್ದು ‘ಟ್ರಂಕೇಟ್’ನಿಂದ. ಅದೇ ಡಿಸ್ಕ್‌ಗೆ ಕ್ಯಾಮೆರಾದ ವಿಡಿಯೊ ಕೂಡ ಬೀಳುತ್ತಿದೆ. ಒಂದು ರಾತ್ರಿ ಡಿಸ್ಕ್ ತುಂಬುತ್ತದೆ. ಲಾರಿ ವೇಬ್ರಿಡ್ಜ್ ಮೇಲಿದೆ, ತೂಕ ಬಂತು, ಪ್ರೋಗ್ರಾಂ ಆ ತೂಕವನ್ನು ಮೆಮೊರಿಯ ಒಂದು ವಿಳಾಸಕ್ಕೆ ಹಾಕುತ್ತದೆ. ಆ ವಿಳಾಸದ ಹಿಂದೆ ಇರುವುದು ಹೋಲ್. ಕರ್ನಲ್ ಫೈಲ್ ಸಿಸ್ಟಂ ಬಳಿ ಬ್ಲಾಕ್ ಕೇಳುತ್ತದೆ, ಇಲ್ಲ ಎಂಬ ಉತ್ತರ ಬರುತ್ತದೆ. ಸಾಧಾರಣ ರೈಟ್ ಕಾಲ್ ಆಗಿದ್ದರೆ ಜಾಗವಿಲ್ಲ ಎಂಬ ಎರರ್ ವಾಪಸ್ ಬರುತ್ತಿತ್ತು, ಪ್ರೋಗ್ರಾಂ ಅದನ್ನು ಪರದೆ ಮೇಲೆ ತೋರಿಸಬಹುದಿತ್ತು. ಮೆಮೊರಿಗೆ ಬರೆಯುವ ಕೆಲಸಕ್ಕೆ ಎರರ್ ಹಿಂತಿರುಗಿಸುವ ದಾರಿಯೇ ಇಲ್ಲ. ಆದ್ದರಿಂದ ಸಿಗ್‌ಬಸ್ ಸಿಗ್ನಲ್ ಬರುತ್ತದೆ, ಪ್ರೋಗ್ರಾಂ ‘ಬಸ್ ಎರರ್’ ಎಂದು ಹೇಳಿ ಸಾಯುತ್ತದೆ. ಆಪರೇಟರ್ ಎಷ್ಟು ಸಲ ಮತ್ತೆ ತೆರೆದರೂ ಮುಂದಿನ ತೂಕಕ್ಕೆ ಮತ್ತೆ ಅದೇ.

ಇಂಥ ಕಡೆ ‘ಫಾಲೊಕೇಟ್’ ಬಿಟ್ಟು ಬೇರೆ ಮಾತಿಲ್ಲ. ಜಾಗ ಇಲ್ಲದಿದ್ದರೆ ಸಾಫ್ಟ್‌ವೇರ್ ಹಾಕುವ ದಿನ, ಹಗಲು ಹೊತ್ತಿನಲ್ಲಿ, ನೀವು ಎದುರಿಗಿರುವಾಗಲೇ ಅದು ಹೇಳಿಬಿಡುತ್ತದೆ. ಎಂಮ್ಯಾಪ್ ಮತ್ತು ಸ್ಪಾರ್ಸ್ ಫೈಲ್ ಎರಡನ್ನೂ ಕೂಡಿಸಿ ಮುಖ್ಯ ದಾಖಲೆ ಇಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವ ಪದ್ಧತಿ ಇದ್ದರೆ ಇನ್ನೊಂದು ಮಾತು ನೆನಪಿಡಿ: ಸ್ನ್ಯಾಪ್‌ಶಾಟ್ ಆದ ಮೇಲೆ ಅದೇ ಜಾಗಕ್ಕೆ ಬರೆಯಲು ಹೊಸ ಬ್ಲಾಕ್ ಬೇಕು, ಮೊದಲು ಹಿಡಿದಿಟ್ಟದ್ದು ಆಗ ಕೈಕೊಡುತ್ತದೆ.

ರೈಸ್ ಮಿಲ್ಲಿನ ಸಿಸಿಟಿವಿ ರೆಕಾರ್ಡಿಂಗ್‌ಗೂ ‘ಫಾಲೊಕೇಟ್’ ಒಳ್ಳೆಯದು, ಕಾರಣ ಬೇರೆ. ಅಲ್ಲಿ ಸಾಮಾನ್ಯವಾಗಿ ತಿರುಗುವ ಹಾರ್ಡ್ ಡಿಸ್ಕ್. ಹತ್ತಾರು ಕ್ಯಾಮೆರಾ ಒಟ್ಟಿಗೆ ಸ್ವಲ್ಪಸ್ವಲ್ಪವೇ ಬರೆದರೆ ಬ್ಲಾಕ್‌ಗಳು ಚೆಲ್ಲಾಪಿಲ್ಲಿಯಾಗಿ, ವಿಡಿಯೊ ಹಿಂದಕ್ಕೆ ನೋಡುವಾಗ ಡಿಸ್ಕ್‌ನ ಹೆಡ್ ಓಡಾಡಿ ಓಡಾಡಿ ತಡವರಿಸುತ್ತದೆ. ಮೊದಲೇ ಒಟ್ಟಾಗಿ ಹಿಡಿದಿಟ್ಟರೆ ಸಾಧ್ಯವಾದಷ್ಟು ಸಾಲಾಗಿ ಸಿಗುತ್ತದೆ.

ಕರೆಂಟಿನ ಮಾತನ್ನೂ ಇಲ್ಲೇ ಹೇಳಬೇಕು. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲಿಗೆ ಯುಪಿಎಸ್ ಬ್ಯಾಟರಿ ಬೇಗ ಸೊರಗುತ್ತದೆ, ಕರೆಂಟು ಹೋದ ಕೂಡಲೇ ಯಂತ್ರವೂ ಹೋಗುತ್ತದೆ. ಮತ್ತೆ ಆನ್ ಮಾಡಿದಾಗ ಲಾಗ್ ಫೈಲ್‌ನ ಕೊನೆಯಲ್ಲಿ ಸಾಲುಗಳ ಬದಲು ಬರೀ ಸೊನ್ನೆ ಕಂಡು ಡಿಸ್ಕ್ ಕೆಟ್ಟಿದೆ ಎಂದು ಹೊಸದು ಕೊಳ್ಳುವವರಿದ್ದಾರೆ. ಹಲವು ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಫೈಲ್‌ನ ಉದ್ದ ಮೊದಲೇ ನಿಗದಿಯಾಗಿತ್ತು, ಡೇಟಾ ಪೇಜ್ ಕ್ಯಾಶ್‌ನಲ್ಲಿತ್ತು, ಡಿಸ್ಕ್‌ಗೆ ಹೋಗುವ ಮೊದಲೇ ಕರೆಂಟು ಹೋಯಿತು. ಲಿನಕ್ಸ್‌ನ ಡೀಫಾಲ್ಟ್‌ನಲ್ಲಿ ಡರ್ಟಿ ಪೇಜ್ 30 ಸೆಕೆಂಡಿನಷ್ಟು ಹಳೆಯದಾಗುವವರೆಗೆ ಮೆಮೊರಿಯಲ್ಲೇ ಉಳಿಯಬಹುದು. ಅನ್‌ರಿಟನ್ ಗುರುತು ಇರುವುದರಿಂದ ನಿಮಗೆ ಹಳೆಯ ಕಸದ ಬದಲು ಸೊನ್ನೆ ಕಂಡಿದೆ. ಇದಕ್ಕೆ ಮೂರು ದಾರಿಗಳಲ್ಲಿ ಯಾವುದೂ ಮದ್ದಲ್ಲ. ಡೇಟಾವನ್ನು ಡಿಸ್ಕ್‌ಗೆ ತಲುಪಿಸಲು ಪ್ರೋಗ್ರಾಂ ಎಫ್‌ಸಿಂಕ್ ಅಥವಾ ಎಫ್‌ಡೇಟಾಸಿಂಕ್ ಮಾಡಬೇಕು. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಬೇಕಾದ ಪ್ರಶ್ನೆ ಅದು.

ಮೆಮೊರಿ ಸಾಲದಾಗ ನೆರವಾಗುವ ಸ್ವಾಪ್ ಫೈಲ್‌ಗೆ ಮಾತ್ರ ತರ್ಕವೇ ಬೇಡ, ‘ಡಿಡಿ’ಯಿಂದ ಸೊನ್ನೆ ಬರೆಯಿರಿ. ಹೋಲ್ ಇರುವ ಫೈಲ್ ಅನ್ನು ಸ್ವಾಪ್ ಆಗಿ ಕರ್ನಲ್ ಒಪ್ಪುವುದೇ ಇಲ್ಲ. ‘ಫಾಲೊಕೇಟ್’ ಮಾಡಿದ್ದು ಎಕ್ಸ್‌ಟಿ4ನಲ್ಲಿ ನಡೆಯುತ್ತದೆ, ಎಲ್ಲ ಫೈಲ್ ಸಿಸ್ಟಂನಲ್ಲೂ ನಡೆಯುತ್ತದೆ ಎಂಬ ಭರವಸೆ ಇಲ್ಲ.

ಇದ್ದದ್ದನ್ನು ಖಾಲಿ ಮಾಡುವಾಗ

ಇದುವರೆಗಿನದ್ದು ಹೊಸ ಫೈಲ್‌ನ ಮಾತು. ಫೈಲ್‌ನ ನಡುವೆ ಇರುವ ಡೇಟಾ ತೆಗೆದು ಸೊನ್ನೆ ಮಾಡಬೇಕಾದಾಗಲೂ ಇದೇ ಮೂರು ಆಯ್ಕೆ ಬೇರೆ ವೇಷದಲ್ಲಿ ಬರುತ್ತವೆ. ‘ಫಾಲೊಕೇಟ್’ನದೇ ಆಯ್ಕೆಯಾದ ಪಂಚ್ ಹೋಲ್ ಮಾಡಿದರೆ ಬ್ಲಾಕ್‌ಗಳು ಡಿಸ್ಕ್‌ಗೆ ವಾಪಸ್ ಹೋಗುತ್ತವೆ. ಇದು 2011ರ 2.6.38 ಕರ್ನಲ್‌ನಿಂದ ಇದೆ. ಝೀರೊ ರೇಂಜ್ ಮಾಡಿದರೆ ಜಾಗ ನಿಮ್ಮ ಹೆಸರಿನಲ್ಲೇ ಉಳಿದು, ಸಾಮಾನ್ಯವಾಗಿ ಅನ್‌ರಿಟನ್ ಆಗುತ್ತದೆ. ಇದು 2014ರ 3.15ರಿಂದ ಇದೆ. ಜಾಗ ಬೇರೆಯವರಿಗೆ ಬೇಕಿದ್ದರೆ ಮೊದಲನೆಯದು, ಮತ್ತೆ ನಿಮಗೇ ಬೇಕಿದ್ದರೆ ಎರಡನೆಯದು. ಪಂಚ್ ಮಾಡುವಾಗ ಪೂರ್ತಿ ಬ್ಲಾಕ್‌ಗಳು ಮಾತ್ರ ಬಿಡುಗಡೆಯಾಗುತ್ತವೆ, ಅಂಚಿನ ಅರೆಬರೆ ಬ್ಲಾಕ್‌ಗೆ ಸೊನ್ನೆ ಬೀಳುತ್ತದೆ ಅಷ್ಟೇ. ಸಣ್ಣ ಸಣ್ಣ ತುಂಡುಗಳಲ್ಲಿ ಪಂಚ್ ಮಾಡಿ ‘ಡಿಯು’ ಇಳಿಯಲೇ ಇಲ್ಲ ಎನ್ನುವವರ ಸಮಸ್ಯೆ ಇದು.

ಗೌಪ್ಯ ಮಾಹಿತಿ ಅಳಿಸಲು ಇವೆರಡನ್ನೂ ನಂಬಬೇಡಿ. ಓದಿದರೆ ಸೊನ್ನೆ ಬರುತ್ತದೆ ನಿಜ, ಡಿಸ್ಕ್ ಮೇಲಿನ ಹಳೆಯ ಬೈಟ್‌ಗಳು ಹಾಗೇ ಉಳಿದಿರಬಹುದು.

ಪಂಚ್ ಹೋಲ್ ಹೊರಗಿನಿಂದ ಸರಳವಾಗಿ ಕಂಡರೂ ಕರ್ನಲ್ ಒಳಗೆ ಸೂಕ್ಷ್ಮವಾದ ಕೆಲಸ. ಮೊದಲು ಆ ಭಾಗದ ಪೇಜ್‌ಗಳನ್ನು ಕ್ಯಾಶ್‌ನಿಂದ ತೆಗೆಯಬೇಕು, ಆಮೇಲೆ ಬ್ಲಾಕ್ ಬಿಡಬೇಕು. ಈ ಎರಡರ ನಡುವಿನ ಸಂದಿಯಲ್ಲಿ ಬೇರೊಂದು ಪ್ರೋಗ್ರಾಂ ಅದೇ ಜಾಗ ಓದಿದರೆ, ಇನ್ನೇನು ಬಿಡುಗಡೆಯಾಗಲಿರುವ ಬ್ಲಾಕ್‌ನ ಡೇಟಾ ಮತ್ತೆ ಕ್ಯಾಶ್‌ಗೆ ಬಂದು ಕೂರುತ್ತದೆ. ನಂತರ ಆ ಬ್ಲಾಕ್ ಇನ್ನೊಂದು ಫೈಲ್‌ಗೆ ಹೋದರೆ ಒಂದೇ ಬ್ಲಾಕ್‌ಗೆ ಇಬ್ಬರು ವಾರಸುದಾರರು. ಒಂದೊಂದು ಫೈಲ್ ಸಿಸ್ಟಂ ಇದನ್ನು ತನ್ನದೇ ಲಾಕ್‌ನಿಂದ ತಡೆಯುತ್ತಿತ್ತು. 2021ರ 5.15 ಕರ್ನಲ್‌ನಲ್ಲಿ ಯಾನ್ ಕಾರಾ ಅವರ ಕೆಲಸದಿಂದ ಎಲ್ಲರಿಗೂ ಸಾಮಾನ್ಯವಾದ ಇನ್‌ವ್ಯಾಲಿಡೇಟ್ ಲಾಕ್ ಬಂತು. ಪಂಚ್ ಹೋಲ್ ಅನ್ನು ಓಡುತ್ತಿರುವ ಡೇಟಾಬೇಸ್ ಅಥವಾ ಮಷೀನ್ ಇಮೇಜ್ ಮೇಲೆ ಪದೇ ಪದೇ ಬಳಸುವವರು ಹಳೆಯ ಕರ್ನಲ್‌ನಲ್ಲಿ ಕೂರಬೇಡಿ ಎನ್ನಲು ಇದೂ ಒಂದು ಕಾರಣ.

ನಕಲು, ಬ್ಯಾಕಪ್, ಪೆನ್‌ಡ್ರೈವ್

ಹೋಲ್‌ಗಳು ಹೆಚ್ಚಾಗಿ ಕಳೆದುಹೋಗುವುದು ನಕಲು ಮಾಡುವಾಗ. 40 ಜಿಬಿಯ ಇಮೇಜ್ ಅನ್ನು ಬಳ್ಳಾರಿಯಿಂದ ಕೊಪ್ಪಳದ ಶಾಖೆಗೆ 100 ಎಂಬಿಪಿಎಸ್ ಲೈನ್‌ನಲ್ಲಿ ‘ಎಸ್‌ಸಿಪಿ’ ಮಾಡಿದರೆ ಲೈನ್ ಪೂರ್ತಿ ವೇಗ ಕೊಟ್ಟರೂ 53 ನಿಮಿಷ, ಆ ಕಡೆ 40 ಜಿಬಿ ಪೂರ್ತಿ ತುಂಬಿದ ಫೈಲ್. 6 ಜಿಬಿ ಡೇಟಾವನ್ನಷ್ಟೇ ಕಳಿಸಿದರೆ 8 ನಿಮಿಷ.

‘ಆರ್‌ಸಿಂಕ್’ಗೆ ಸ್ಪಾರ್ಸ್ ಆಯ್ಕೆ ಕೊಟ್ಟರೆ ಆ ಕಡೆ ಹೋಲ್ ಮರಳಿ ಮೂಡುತ್ತದೆ, ಆದರೆ ಈ ಕಡೆ ಸೊನ್ನೆಗಳನ್ನೆಲ್ಲ ಓದಿಯೇ ಓದುತ್ತದೆ. ಕಂಪ್ರೆಷನ್ ಜೊತೆಗಿದ್ದರೆ ಲೈನ್ ಉಳಿಯುತ್ತದೆ, ಮೇಲೆ ಹೇಳಿದ ಕ್ಯಾಶ್‌ನ ತೊಂದರೆ ಉಳಿದೇ ಇರುತ್ತದೆ. ಗ್ನೂ ‘ಟಾರ್’ ದೊಡ್ಡಕ್ಷರದ ಎಸ್ ಆಯ್ಕೆಯೊಂದಿಗೆ ಹೋಲ್‌ಗಳ ಪಟ್ಟಿಯನ್ನೇ ಬರೆದಿಡುತ್ತದೆ. ದೊಡ್ಡ ಇಮೇಜ್‌ಗಳಿಗೆ ನನ್ನ ಆಯ್ಕೆ ಅದೇ. ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್ ಬಳಸುವವರು ಆವೃತ್ತಿ ನೋಡಿಕೊಳ್ಳಿ. 3ರಲ್ಲಿ ಹೋಲ್ ಎಂಬ ಕಲ್ಪನೆಯೇ ಇಲ್ಲ, ಸೊನ್ನೆಗಳು ನೆಟ್‌ವರ್ಕ್ ಮೇಲೆ ಹರಿದು ಬರುತ್ತವೆ. 4.2ರಲ್ಲಿ ಹೋಲ್ ಹುಡುಕುವ ಕರೆ ಇದೆ.

‘ಸಿಪಿ’ ಡೀಫಾಲ್ಟ್ ಆಗಿ ಹೋಲ್ ಕಾಪಾಡಲು ನೋಡುತ್ತದೆ. ಸ್ಪಾರ್ಸ್ ಆಯ್ಕೆಗೆ ‘ಆಲ್ವೇಸ್’ ಕೊಟ್ಟರೆ ನಿಜವಾಗಿ ಬರೆದಿದ್ದ ಸೊನ್ನೆಗಳನ್ನೂ ಹೋಲ್ ಮಾಡಿಬಿಡುತ್ತದೆ. ಜಾಗ ಹಿಡಿದಿಟ್ಟ ವೇಬ್ರಿಡ್ಜ್ ಫೈಲ್ ಅನ್ನು ಹೀಗೆ ನಕಲು ಮಾಡಿ ವಾಪಸ್ ಹಾಕಿದರೆ ಹಿಡಿದಿಟ್ಟ ಜಾಗ ಹೋಯಿತು. ಬ್ಯಾಕಪ್‌ನಿಂದ ಮರಳಿಸಿದ ಮೇಲೆ ಮತ್ತೊಮ್ಮೆ ‘ಫಾಲೊಕೇಟ್’ ಓಡಿಸಿ. ಇರುವ ಡೇಟಾಗೆ ಏನೂ ಆಗುವುದಿಲ್ಲ, ಹೋಲ್‌ಗಳಿಗೆ ಮಾತ್ರ ಜಾಗ ಬರುತ್ತದೆ.

ಹೋಲ್ ಎಲ್ಲಿದೆ ಎಂದು ಕೇಳುವ ಸೀಕ್ ಹೋಲ್, ಸೀಕ್ ಡೇಟಾ ಎಂಬ ಕರೆಗಳು ಸೋಲಾರಿಸ್‌ನಲ್ಲಿ ಹುಟ್ಟಿ, 2011ರಲ್ಲಿ ಲಿನಕ್ಸ್ 3.1ಕ್ಕೆ ಬಂದವು. ಇಲ್ಲಿ ಪೇಜ್ ಕ್ಯಾಶ್‌ನ ಪಾತ್ರ ದೊಡ್ಡದು. ಡಿಸ್ಕ್‌ನಲ್ಲಿ ಎಕ್ಸ್‌ಟೆಂಟ್ ಇನ್ನೂ ಅನ್‌ರಿಟನ್ ಆಗಿರಬಹುದು, ಆದರೆ ಈಗಷ್ಟೇ ಬರೆದ ಡೇಟಾ ಕ್ಯಾಶ್‌ನಲ್ಲಿ ಕಾಯುತ್ತಿರಬಹುದು. ಆದ್ದರಿಂದ ಫೈಲ್ ಸಿಸ್ಟಂ ಡಿಸ್ಕ್‌ನ ಪಟ್ಟಿಯನ್ನಷ್ಟೇ ನೋಡಿ ಹೋಲ್ ಎಂದು ಹೇಳುವಂತಿಲ್ಲ, ಕ್ಯಾಶ್ ಅನ್ನೂ ತಡಕಬೇಕು. ಹೋಲ್ ಅನ್ನು ಡೇಟಾ ಎಂದರೆ ಸ್ವಲ್ಪ ಜಾಗ ನಷ್ಟ. ಡೇಟಾವನ್ನು ಹೋಲ್ ಎಂದರೆ ನಕಲಿನಲ್ಲಿ ಡೇಟಾ ಜಾಗಕ್ಕೆ ಸೊನ್ನೆ ಕೂರುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. 2023ರ ನವೆಂಬರ್‌ನಲ್ಲಿ ಓಪನ್‌ಜಡ್‌ಎಫ್‌ಎಸ್‌ನಲ್ಲಿ ಆದದ್ದು ಇದೇ. ಫೈಲ್ ಬರೆದ ತಕ್ಷಣ ನಕಲು ಮಾಡಿದಾಗ ಅಪರೂಪಕ್ಕೊಮ್ಮೆ ಡರ್ಟಿ ಡೇಟಾ ಇದ್ದ ಕಡೆ ಹೋಲ್ ಎಂಬ ಉತ್ತರ ಬರುತ್ತಿತ್ತು. ದೋಷ ವರ್ಷಗಳಿಂದ ಒಳಗಿತ್ತು, ಹೋಲ್ ಕೇಳಿ ನಕಲು ಮಾಡುವ ಹೊಸ ‘ಸಿಪಿ’ ಬಂದ ಮೇಲೆ ಬಯಲಿಗೆ ಬಿತ್ತು. 2.2.2 ಮತ್ತು 2.1.14ರಲ್ಲಿ ಸರಿಪಡಿಸಿದರು. ಅದಕ್ಕಿಂತ ಹಳೆಯ ಆವೃತ್ತಿಯ ಮೇಲೆ ಕಾಲೇಜಿನ ಫೈಲ್ ಸರ್ವರ್ ಓಡುತ್ತಿದ್ದರೆ ಈ ವಾರವೇ ಬದಲಿಸಿ.

ಪ್ರೋಗ್ರಾಂ ಬರೆಯುವವರಿಗೆ ಇದರ ಜೊತೆ ಒಂದು ಕೋರಿಕೆ. ಇಂಟರ್ನೆಟ್‌ನಿಂದ ತುಂಡು ತುಂಡಾಗಿ ತರಿಸಿದ ಡೇಟಾವನ್ನು ಸ್ಪಾರ್ಸ್ ಫೈಲ್‌ನಲ್ಲಿಟ್ಟು, ಹೋಲ್ ಇದ್ದ ಕಡೆ ಇನ್ನೂ ಬಂದಿಲ್ಲ, ಉಳಿದ ಕಡೆ ಬಂದಿದೆ ಎಂದು ತಿಳಿಯುವ ವಿನ್ಯಾಸ ಆಕರ್ಷಕವಾಗಿ ಕಾಣುತ್ತದೆ. ಹಾಗೆ ಮಾಡಬೇಡಿ. ಫೈಲ್ ಸಿಸ್ಟಂ ತನ್ನ ಅನುಕೂಲಕ್ಕೆ ಎರಡು ಎಕ್ಸ್‌ಟೆಂಟ್ ನಡುವಿನ ಸಣ್ಣ ಹೋಲ್ ಅನ್ನು ಸೊನ್ನೆಯ ಬ್ಲಾಕ್‌ನಿಂದ ಮುಚ್ಚಬಹುದು. ನಿಜವಾಗಿ ಬಂದ ಸೊನ್ನೆಗಳನ್ನು ಯಾವುದೋ ಟೂಲ್ ಹೋಲ್ ಮಾಡಬಹುದು. ಯಾವ ತುಂಡು ಬಂದಿದೆ ಎಂಬುದಕ್ಕೆ ನಿಮ್ಮದೇ ಬಿಟ್‌ಮ್ಯಾಪ್ ಇಟ್ಟುಕೊಳ್ಳಿ.

ವಿಂಡೋಸ್ ಯಂತ್ರಗಳಲ್ಲಿ ಎನ್‌ಟಿಎಫ್‌ಎಸ್ ಫೈಲ್ ತಾನಾಗಿ ಸ್ಪಾರ್ಸ್ ಆಗುವುದಿಲ್ಲ. ‘ಎಫ್‌ಎಸ್‌ಯುಟಿಲ್’ನಿಂದ ಅಥವಾ ಪ್ರೋಗ್ರಾಂನಿಂದ ಗುರುತು ಹಾಕಬೇಕು. ಗುರುತಿಲ್ಲದ ಫೈಲ್‌ನ ಉದ್ದ ಹೆಚ್ಚಿಸಿ ನೇರವಾಗಿ ಕೊನೆಗೆ ಬರೆದರೆ ನಡುವಿನದ್ದಕ್ಕೆಲ್ಲ ಸೊನ್ನೆ ತುಂಬುವವರೆಗೆ ಕಾಯಬೇಕಾಗುತ್ತದೆ.

ಕೊನೆಗೆ ಪೆನ್‌ಡ್ರೈವ್. ನಮ್ಮ ಕಡೆ ಇಮೇಜ್‌ಗಳು ಊರಿಂದ ಊರಿಗೆ ಹೆಚ್ಚಾಗಿ ಹೋಗುವುದು ಬಸ್ಸಿನಲ್ಲಿ, ಯಾರದ್ದೋ ಜೇಬಿನ ಪೆನ್‌ಡ್ರೈವ್‌ನಲ್ಲಿ. ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಎರಡಕ್ಕೂ ಹೋಲ್ ಗೊತ್ತಿಲ್ಲ. ಫ್ಯಾಟ್32ಗೆ 4 ಜಿಬಿ ಮುಟ್ಟಿದ ಫೈಲ್ ಕೂಡ ಹಿಡಿಸುವುದಿಲ್ಲ. ಡಿಸ್ಕ್‌ನಲ್ಲಿ 6 ಜಿಬಿ ಇರುವ ಇಮೇಜ್ 32 ಜಿಬಿಯ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಿಡಿಯುವುದಿಲ್ಲ ಎಂದರೆ ಕಾರಣ ಅಲ್ಲಿ ಅದು 40 ಜಿಬಿ ಆಗುವುದು. ಮೊದಲು ‘ಟಾರ್’ನಲ್ಲಿ ಸ್ಪಾರ್ಸ್ ಆಯ್ಕೆ ಕೊಟ್ಟು ಕಟ್ಟಿ, ಅಥವಾ ‘ಕ್ಯೂಎಮು ಇಮೇಜ್’ ಟೂಲ್‌ನಿಂದ ಕ್ಯೂಕೌ2ಗೆ ಬದಲಿಸಿ, ಆ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ. ಆ ಕಡೆಯವರು ಅದನ್ನು ಪೆನ್‌ಡ್ರೈವ್ ಮೇಲೆಯೇ ಬಿಚ್ಚದೆ, ತಮ್ಮ ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಡಿಸ್ಕ್‌ಗೆ ತಂದು ಬಿಚ್ಚಲು ಮೊದಲೇ ಫೋನ್ ಮಾಡಿ ಹೇಳಿಡಿ.